ಎರಡು ಚುಕ್ಕಿಯ ಗಾಜು

ನಮ್ಮ ಮೇಡಂಗೆ ವಿಜ್ಞಾನ ಸಂಸ್ಥೆಯವರೆಲ್ಲ ಸೇರಿ ಇಟ್ಟಿದ್ದ ಹೆಸರು ‘ಒಂದ್ನಿಮಿಷ’. ಬೆನ್ನ ಹಿಂದೆ ಕರೆಯುವ ಹೆಸರು, ಆದರೆ ಅವರಿಗೂ ಗೊತ್ತಿತ್ತು. ದಾರಿಯಲ್ಲಿ ಯಾರು ಸಿಕ್ಕರೂ ಬೆರಳೆತ್ತಿ “ಒಂದ್ನಿಮಿಷ” ಅನ್ನುತ್ತಿದ್ದರು. ನೆಲ ಒರೆಸುವವಳು ಸಿಕ್ಕರೆ, ಈ ಮೂಲೆಯ ಕಲ್ಲು ಆ ಮೂಲೆಯ ಕಲ್ಲಿಗಿಂತ ಬೇಗ ಒಣಗುತ್ತಲ್ಲ ಯಾಕೆ ಅಂತ. ಗೇಟಿನವನು ಸಿಕ್ಕರೆ, ಮಳೆ ಬರುವ ಮುಂಚೆ ನಿನ್ನ ಗೇಟು ಕಿರುಗುಟ್ಟುವುದು ನಿಲ್ಲುತ್ತಲ್ಲ, ಗಮನಿಸಿದ್ದೀಯಾ ಅಂತ. ಒಂದು ನಿಮಿಷ ಅಂತ ಹಿಡಿದುಕೊಂಡವರು ಮುಕ್ಕಾಲು ಗಂಟೆ ಬಿಡುತ್ತಿರಲಿಲ್ಲ. ಅವಸರದಲ್ಲಿದ್ದವರು ಅವರು ಬರುವುದು ಕಂಡರೆ ಹಿಂದಿನ ಮೆಟ್ಟಿಲು ಹಿಡಿಯುತ್ತಿದ್ದರು.

ನಾನು ಅಲ್ಲಿ ಗಾಜು ಊದುವ ಕೆಲಸದವ. ಹೆಣ್ಣು ಕೊಟ್ಟ ಮಾವನೇ ಈ ಕೆಲಸವನ್ನೂ ಕಲಿಸಿದ್ದು. ಅವರ ಅಂಗಡಿಯಲ್ಲಿ ಔಷಧಿ ಬುಡ್ಡಿ, ದೀಪದ ಬುರುಡೆ ಊದುತ್ತಾ ಇದ್ದವನನ್ನು ಸಂಸ್ಥೆಯವರು ಕರೆದುಕೊಂಡು ಹೋಗಿ, ಒಂದು ಬೆಂಚು, ಎರಡು ಬರ್ನರು, ನೀಲಿ ಕನ್ನಡಕ ಕೊಟ್ಟು ಕೂರಿಸಿದರು. ಓದಿದ್ದು ನಾಲ್ಕನೇ ತರಗತಿ. ಎಲ್ಲರಿಗೂ ನಾನು ಗಾಜಣ್ಣ.

ಮೇಡಂ ಬಂದಾಗ ಅವರಿಗೆ ಮೂವತ್ತೊಂದು, ನನಗೆ ಮೂವತ್ತೈದು. ಭೌತವಿಜ್ಞಾನದಲ್ಲಿ ದೊಡ್ಡ ಓದು ಓದಿದ ಹೆಂಗಸು ಅಂತ ಕೇಳಿದ್ದೆವು. ಕಣ್ಣಿಗೆ ಕಂಡದ್ದು ಎರಡು ಟ್ರಂಕು, ಒಂದು ಕೊಡೆ, ಜೊತೆಗೆ ಅವರ ತಾಯಿ. ತಾಯಿಯ ನಾಲಿಗೆ ಬಲು ಚುರುಕು. “ನನ್ನ ಮಗಳು ಆಕಾಶದಿಂದ ಏನು ಬೀಳುತ್ತೆ ಅಂತ ಎಣಿಸ್ತಾಳಪ್ಪ. ಮನೇಲಿ ಉಪ್ಪು ಮುಗಿದದ್ದು ಮಾತ್ರ ಅವಳ ಎಣಿಕೆಗೆ ಬರಲ್ಲ,” ಅಂತ ಮೊದಲ ದಿನವೇ ನನ್ನ ಹತ್ತಿರ ದೂರು.

ಆ ವಾರವೇ ಮೇಡಂ ಒಂದು ದೊಡ್ಡ ಕಾಗದ ಹಿಡಿದು ನನ್ನ ಬೆಂಚಿಗೆ ಬಂದರು. ಗೆರೆ, ಅಂಕೆ, ಬಾಣದ ಗುರುತು. ನಾನು ನೋಡುತ್ತಾ ನಿಂತೆ. ತಲೆಯಾಡಿಸಿದೆ. ಅವರು ನನ್ನ ಮುಖವನ್ನೇ ನೋಡಿದರು.

“ಒಂದ್ನಿಮಿಷ. ಇದು ನಿಮಗೆ ಓದಕ್ಕೆ ಬರುತ್ತಾ?”

“ಇಲ್ಲ ಮೇಡಂ.”

“ಮತ್ತೆ ತಲೆ ಯಾಕೆ ಆಡಿಸಿದ್ರಿ?”

“ಎಲ್ಲರ ಮುಂದೂ ಹಾಗೇ ಆಡಿಸೋದು. ಆಮೇಲೆ ಹೊರಗೆ ಯಾರನ್ನಾದ್ರೂ ಕೇಳ್ಕೋತೀನಿ.”

ಅವರು ನಕ್ಕು ಕಾಗದ ಮಡಚಿಟ್ಟರು. ನಾನು ಸೋರುವ ಕಡೆ ಮೆತ್ತಲು ಇಟ್ಟುಕೊಂಡಿದ್ದ ಮೇಣದ ಮುದ್ದೆ ತೆಗೆದುಕೊಂಡು, ಅಂಗೈಯಲ್ಲಿ ಉಜ್ಜಿ ಉಜ್ಜಿ ಒಂದು ಕೊಳವೆ ಮಾಡಿದರು. ತಮ್ಮ ತಲೆಯಿಂದಲೇ ಒಂದು ಕೂದಲು ಕಿತ್ತು ಅದರ ನಡುಮಧ್ಯೆ ಎಳೆದು ತೋರಿಸಿದರು. “ಹೀಗೆ. ಗಾಜಿನ ಕೊಳವೆ, ಒಳಮೈಗೆ ತೆಳ್ಳಗೆ ತಾಮ್ರದ ಲೇಪ, ನಡುವೆ ಈ ಕೂದಲಿನ ಹಾಗೆ ತಂತಿ. ಗಾಳಿ ಹೀರಿ ತೆಗೆದು ಸ್ವಲ್ಪ ಬೇರೆ ಗ್ಯಾಸು ತುಂಬಿ ಮುಚ್ಚಬೇಕು. ಕಣ್ಣಿಗೆ ಕಾಣದ ಕಿರಣ ಒಂದು ಒಳಗೆ ಹಾದುಹೋದ್ರೆ ಟಿಕ್ ಅನ್ನುತ್ತೆ.” ಆಮೇಲೆ ಎಂದೂ ಅವರು ನನ್ನ ಮುಂದೆ ನಕ್ಷೆಯ ಕಾಗದ ಹಿಡಿಯಲಿಲ್ಲ. ಏನು ಬೇಕಿದ್ದರೂ ಮೇಣದಲ್ಲಿ ಮಾಡಿ ತರುತ್ತಿದ್ದರು. ನನ್ನ ಬೆಂಚಿನ ಮೇಲಿನ ಹಲಗೆ ತುಂಬ ಅವರ ಬೆರಳಿನ ಗುರುತಿದ್ದ ಮೇಣದ ಬೊಂಬೆಗಳೇ.

ಹನ್ನೆರಡು ಟ್ಯೂಬು ಮಾಡಿಕೊಟ್ಟೆ. ಮಹಡಿಯ ಮೇಲೆ ತಗಡು ಹೊದಿಸಿದ ಕೋಣೆಯಲ್ಲಿ ಒಂದು ಮರದ ಚೌಕಟ್ಟಿಗೆ ಅವನ್ನು ಸಾಲಾಗಿ ಕೂರಿಸಿದರು. ಹನ್ನೆರಡರ ಟಿಕ್ಕೂ ಸೇರಿ ಒಂದೇ ಎಣಿಕೆ ಯಂತ್ರಕ್ಕೆ ಹೋಗುತ್ತಿತ್ತು. ಮೇಡಂ ದಿನವೂ ಮೂರು ಹೊತ್ತು ಹತ್ತಿ ಹೋಗಿ ಅಂಕೆ ಬರೆದುಕೊಳ್ಳುತ್ತಿದ್ದರು. ಟ್ಯೂಬುಗಳಿಗೂ ಆಯಸ್ಸಿತ್ತು. ತಿಂಗಳಿಗೊಂದು, ಎರಡು ತಿಂಗಳಿಗೊಂದು ಸುಸ್ತಾಗಿ ನಿಂತುಹೋಗುತ್ತಿತ್ತು. ಹೊಸದು ಮಾಡಿ ಕೊಡುತ್ತಿದ್ದೆ. ಅವರು ಅದರ ಹತ್ತಿರ, ತಾನೇ ಕಿರಣ ಬಿಡುವ ರೇಡಿಯಂನ ಸಣ್ಣ ಗುಂಡು ಹಿಡಿದು, ಅದು ಮಳೆ ಸುರಿದ ಹಾಗೆ ಟಿಕ್ಕುಗುಟ್ಟುವುದನ್ನು ನೋಡಿ, ಹಳೆಯದರ ಸಮಕ್ಕೆ ಇದೆ ಅಂತ ಖಾತ್ರಿಯಾದ ಮೇಲೇ ಚೌಕಟ್ಟಿಗೆ ಸೇರಿಸುತ್ತಿದ್ದರು.

“ಎಲ್ಲಾ ಟ್ಯೂಬೂ ಒಂದೇ ಥರ ಇರ್ಬೇಕು ಗಾಜಣ್ಣ,” ಅನ್ನುತ್ತಿದ್ದರು. ಒಂದೇ ಥರ ಅಂದರೆ ನನಗೆ ಉದ್ದ, ದಪ್ಪ, ಬಾಯಿ. ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇಲ್ಲದಂತೆ ಮಾಡಿಕೊಡುತ್ತಿದ್ದೆ. ಅದರ ಜಂಬವೂ ನನಗಿತ್ತು.

ಮೂರನೇ ವರ್ಷ ನಮಗೆ ಗಾಜಿನ ಕೊಳವೆ ಕಳಿಸುತ್ತಿದ್ದ ಕಾರ್ಖಾನೆ ಮುಚ್ಚಿತು. ಸ್ಟೋರಿನವನು ಬೇರೆ ಕಡೆಯಿಂದ ಪೆಟ್ಟಿಗೆ ತರಿಸಿದ. ನೋಡುವುದಕ್ಕೆ ಅದೇ ಗಾಜು. ಬೆಂಕಿಗೆ ಹಿಡಿದಾಗ ಗೊತ್ತಾಯಿತು. ಹಳೆಯ ಗಾಜು ಜ್ವಾಲೆಗೆ ಬಂದರೆ ಅರಿಶಿನ ಎರಚಿದ ಹಾಗೆ ಹಳದಿ ಏಳುತ್ತಿತ್ತು. ಇದರಲ್ಲಿ ಹಳದಿ ಕಡಿಮೆ, ಅಂಚಿನಲ್ಲಿ ಒಂದು ತೆಳು ನೇರಳೆ. ಮೆತ್ತಗಾಗುವುದೂ ನಿಧಾನ. ಸ್ಟೋರಿಗೆ ಹೋಗಿ ಹೇಳಿದೆ.

“ಗಾಜು ಗಾಜೇ ಕಣಯ್ಯ,” ಅಂದ ಸ್ಟೋರಿನವನು. “ನಿನಗೇನು ಅದನ್ನ ಮದುವೆ ಮಾಡ್ಕೋಬೇಕಾ?”

ನಾನು ಪೆಟ್ಟಿಗೆ ಹೊತ್ತುಕೊಂಡು ಬಂದೆ. ಆದರೆ ಎರಡು ಬಗೆಯ ಗಾಜು ಒಂದಕ್ಕೊಂದು ಬೆಸೆದರೆ ತಣ್ಣಗಾಗುವಾಗ ಬಿರಿದುಹೋಗುತ್ತದೆ. ಮುಂದೆ ರಿಪೇರಿಗೆ ಬಂದಾಗ ಯಾವುದು ಯಾವುದು ಅಂತ ಗೊತ್ತಿರಬೇಕು. ನನ್ನ ಮಾವ ಹೇಳಿಕೊಟ್ಟಿದ್ದ ಒಂದು ರೂಢಿ ಇತ್ತು: ಮುಚ್ಚಿದ ತುದಿಯಲ್ಲಿ ನೀಲಿ ಗಾಜಿನ ಚುಕ್ಕಿ ಇಡುವುದು, ಸಾಸಿವೆ ಕಾಳಿಗಿಂತ ಚಿಕ್ಕದು. ಹಳೆಯ ಗಾಜಿಗೆ ಒಂದು ಚುಕ್ಕಿ ಇಡುತ್ತಿದ್ದೆ. ಹೊಸದಕ್ಕೆ ಎರಡು ಇಟ್ಟೆ. ಇದನ್ನು ಯಾರಿಗಾದರೂ ಹೇಳಬೇಕು ಅಂತ ನನಗೆ ಹೊಳೆಯಲಿಲ್ಲ. ದರ್ಜಿ ಅಂಗಿಯ ಒಳಗೆ ಹಾಕುವ ಹೊಲಿಗೆಯನ್ನು ಯಾರಿಗೆ ಹೇಳುತ್ತಾನೆ?

ಆ ವರ್ಷ ಮೇಡಂ ಮುಖದ ಮೇಲೆ ಒಂದು ಕಳೆ ಬಂತು. ಮೆಟ್ಟಿಲನ್ನು ಎರಡೆರಡು ಹತ್ತುತ್ತಿದ್ದರು. ಒಂದು ದಿನ ಬೆಂಚಿನ ಹತ್ತಿರ ಬಂದು, ಪಿಸುದನಿಯಲ್ಲಿ, “ಗಾಜಣ್ಣ, ಆಕಾಶ ಬದಲಾಗ್ತಾ ಇದೆ,” ಅಂದರು. ಮೇಲಿನಿಂದ ಬೀಳುವ ಕಿರಣ ತಿಂಗಳಿಂದ ತಿಂಗಳಿಗೆ ಏರುತ್ತಿದೆಯಂತೆ. ನೂರು ಇದ್ದದ್ದು ಒಂಬತ್ತು ತಿಂಗಳಲ್ಲಿ ನೂರಾ ಹನ್ನೆರಡು. ಒಮ್ಮೆಗೇ ಜಿಗಿದಿದ್ದರೆ ಯಂತ್ರ ಕೆಟ್ಟಿದೆ ಅನ್ನಬಹುದಿತ್ತು. ಇದು ಮಗು ಬೆಳೆದ ಹಾಗೆ ಮೆಲ್ಲಗೆ ಏರಿತ್ತು. ದೂರದಲ್ಲಿ ಎಲ್ಲೋ ಯಾವುದೋ ನಕ್ಷತ್ರಕ್ಕೆ ಏನೋ ಆಗಿದೆ, ಅದನ್ನು ಭೂಮಿಯ ಮೇಲೆ ಮೊದಲು ಕಂಡವರು ನಾವು ಅಂದರು. ‘ನಾವು’ ಅಂದರು. ನನಗೆ ಆ ದಿನವೆಲ್ಲ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಸಂಸ್ಥೆಯ ದೊಡ್ಡ ಸಾಹೇಬರು ಅಲ್ಲಿಯ ತನಕ ಮೇಡಂ ಕಂಡರೆ ಗಡಿಯಾರ ನೋಡಿಕೊಳ್ಳುತ್ತಿದ್ದವರು, ಈಗ ಕುರ್ಚಿ ಎಳೆದು ಕೂರಿಸತೊಡಗಿದರು. ಮೇಡಂ ಕೆಲಸ ಇನ್ನೂ ಹಂಗಾಮಿ. ವರ್ಷ ವರ್ಷ ಸಾಹೇಬರ ಸಹಿ ಬೀಳಬೇಕು. ದೂರದ ಊರಿನಲ್ಲಿ ಜಗತ್ತಿನ ವಿಜ್ಞಾನಿಗಳೆಲ್ಲ ಸೇರುವ ಸಭೆ ಇತ್ತು. ಅಲ್ಲಿ ಮೇಡಂ ಇದನ್ನು ಹೇಳುವುದು, ಹೇಳಿ ಬಂದ ಮೇಲೆ ಕೆಲಸ ಕಾಯಂ, ಮಹಡಿಯ ಮೇಲೆ ಅವರದೇ ಪ್ರಯೋಗಶಾಲೆ. ಬಾಗಿಲಿಗೆ ಹಾಕುವ ಹೆಸರಿನ ಹಲಗೆಯ ಅಳತೆಯನ್ನು ಬಡಗಿ ಬಂದು ತೆಗೆದುಕೊಂಡೂ ಹೋದ.

ಸಭೆಗೆ ಹದಿನೈದು ದಿನ ಇತ್ತು. ಒಂದು ಬೆಳಿಗ್ಗೆ ಮೇಡಂ ಹಡಗಿನ ಚೀಟಿಯ ಕೆಲಸಕ್ಕೆ ಪೇಟೆಗೆ ಹೊರಟವರು, “ಗಾಜಣ್ಣ, ಯಾವುದೋ ಒಂದು ಟ್ಯೂಬು ಸೋರ್ತಾ ಇದೆ ಅನ್ಸುತ್ತೆ. ಒಂದೊಂದೇ ಬಿಡಿಸಿ ಕೇಳಿ ನೋಡಿ,” ಅಂದರು. ನಾನು ಮಹಡಿಗೆ ಹೋದೆ. ಒಂದು ಟ್ಯೂಬನ್ನು ಮಾತ್ರ ಸಣ್ಣ ಸ್ಪೀಕರಿಗೆ ಜೋಡಿಸಿ, ಬೇರೆಯವನ್ನು ಬಿಡಿಸಿಟ್ಟು, ಕೂತು ಕೇಳಿದೆ. ಟಿಕ್. ಸ್ವಲ್ಪ ಹೊತ್ತು ಬಿಟ್ಟು ಟಿಕ್. ಸೋರುವ ಟ್ಯೂಬು ಉಸಿರು ಕಟ್ಟಿದ ಹಾಗೆ ತಡವರಿಸುತ್ತದೆ, ಕಿವಿಗೆ ಗೊತ್ತಾಗುತ್ತದೆ. ಅದು ನಾಲ್ಕನೆಯದರಲ್ಲೇ ಸಿಕ್ಕಿತು. ಬಾಯಿಯ ಹತ್ತಿರ ಸ್ವಲ್ಪ ಸೀಳಿತ್ತು, ಅಲ್ಲೇ ಮೇಣ ಹಾಕಿ ಮುಚ್ಚಿದೆ. ಎದ್ದು ಬರಬಹುದಿತ್ತು. ಆದರೆ ನಾಲ್ಕನ್ನೂ ಕೇಳಿದ ಕಿವಿಗೆ ಇನ್ನೇನೋ ತಟ್ಟಿತ್ತು. ಎರಡನೆಯದು ಉಳಿದವಕ್ಕಿಂತ ಅವಸರದಲ್ಲಿದೆಯಲ್ಲ?

ತುದಿ ತಿರುಗಿಸಿ ನೋಡಿದೆ. ಎರಡು ಚುಕ್ಕಿ.

ಕಿವಿಯ ಭ್ರಮೆ ಇರಬೇಕು ಅಂತ, ಕೆಳಗಿನಿಂದ ಡಬ್ಬಿ ತುಂಬ ಗಾಜಿನ ಮಣಿ ತಂದು ಒಂದು ತಟ್ಟೆಗೆ ಹಾಕಿಕೊಂಡೆ. ಒಂದು ಟಿಕ್ಕಿಗೆ ಒಂದು ಮಣಿ ಈ ತಟ್ಟೆಯಿಂದ ಆ ತಟ್ಟೆಗೆ. ಗೋಡೆ ಗಡಿಯಾರ ನೋಡಿ ಒಂದೊಂದು ಟ್ಯೂಬಿಗೂ ಕಾಲು ಗಂಟೆ. ತುದಿಯನ್ನು ಬೇಕಂತಲೇ ನೋಡದೆ ಎಣಿಸಿದೆ, ಆಮೇಲೆ ನೋಡಿದೆ. ಮುನ್ನೂರರ ಆಸುಪಾಸು ಬಂದವು ಐದು. ಮುನ್ನೂರ ಅರವತ್ತರ ಆಸುಪಾಸು ಬಂದವು ಏಳು. ಐದಕ್ಕೂ ಒಂದು ಚುಕ್ಕಿ. ಏಳಕ್ಕೂ ಎರಡು.

ಮೂರು ಗಂಟೆ ಹೊತ್ತು ಕೂತಿದ್ದವನಿಗೆ ಎದ್ದರೆ ಕಾಲಿನಲ್ಲಿ ಜೋಮು. ಕಿಟಕಿಯಲ್ಲಿ ಆಕಾಶ ಎಂದಿನ ಹಾಗೇ ಇತ್ತು. ಆಕಾಶ ಏರಿರಲಿಲ್ಲ. ಒಂದೊಂದಾಗಿ ಹಳೇ ಟ್ಯೂಬು ತೆಗೆದು ಹೊಸ ಗಾಜಿನದು ಕೊಟ್ಟಿದ್ದೆನಲ್ಲ, ಹಾಗೆ ಒಂದೊಂದಾಗಿ ಎಣಿಕೆ ಏರಿತ್ತು. ಏರಿಸಿದವನು ನಾನು.

ಹೇಳಲಿಲ್ಲ. ಮೂರು ದಿನ ಹೇಳಲಿಲ್ಲ. ಹೇಳಿದರೆ ಅವರ ಪ್ರಯಾಣ ಹೋಯಿತು, ಕೆಲಸ ಹೋಯಿತು. ಹೇಳದಿದ್ದರೆ ಜಗತ್ತಿನ ಮುಂದೆ ನನ್ನ ಗಾಜನ್ನು ನಕ್ಷತ್ರ ಅಂತ ತೋರಿಸಿ ಬರುತ್ತಾರೆ. ತಟ್ಟೆಯ ಮುಂದೆ ಕೂತು ಅನ್ನ ಕಲಸುತ್ತಲೇ ಇರುತ್ತಿದ್ದೆ. ನನ್ನ ಹೆಂಡತಿ ಎರಡು ದಿನ ನೋಡಿದಳು, ಮೂರನೇ ದಿನ ತಟ್ಟೆ ಎಳೆದುಕೊಂಡಳು.

“ಏನ್ರೀ ಆಗಿದೆ ನಿಮಗೆ? ಬಾಯಿಗೂ ಬೆಸುಗೆ ಹಾಕ್ಕೊಂಡು ಬಂದಿದೀರಾ?”

ಹೇಳಿದೆ. ಅವಳು ಪೂರ್ತಿ ಕೇಳಿದಳು. ಅವಳಿಗೂ ಕಿರಣ ಗಿರಣ ತಿಳಿಯದು.

“ಆ ಯಮ್ಮ ನಿಮ್ಮ ಮುಂದೆ ಕಾಗದ ಮಡಚಿಟ್ಟು ಮೇಣ ಹಿಡೀತಾಳೆ ಅಂತ ಊರೆಲ್ಲ ಹೇಳ್ಕೊಂಡು ಬರ್ತೀರಲ್ಲ,” ಅಂದಳು. “ಅಷ್ಟು ಮರ್ಯಾದೆ ಕೊಟ್ಟವಳು ನಾಲ್ಕು ಜನರ ಮುಂದೆ ನಗೆಪಾಟಲಾಗೋದನ್ನ ಕೂತು ನೋಡ್ತೀರಾ? ಹೋಗ್ರಿ. ನಾಳೆ ಬೆಳಗಾದ್ರೆ ಹೋಗ್ರಿ. ಹೇಳದೆ ಬಂದ್ರೆ ನಾನೇ ಹೋಗಿ ಹೇಳ್ತೀನಿ, ತಪ್ಪುತಪ್ಪಾಗಿ.”

ಮಾರನೇ ಬೆಳಿಗ್ಗೆ ಹೋದೆ. ಮೇಡಂ ಭಾಷಣದ ಹಾಳೆಗಳಿಗೆ ಅಂಕೆ ಹಾಕುತ್ತಾ ಕೂತಿದ್ದರು. ನಾನು ಎರಡು ಟ್ಯೂಬು ಮೇಜಿನ ಮೇಲಿಟ್ಟೆ. ಚುಕ್ಕಿ ತೋರಿಸಿದೆ. ನೇರಳೆ ಅಂಚು, ಸ್ಟೋರು, ಮಣಿಯ ಎಣಿಕೆ, ಎಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ಅವರ ಕೈಯಲ್ಲಿದ್ದ ಪೆನ್ನು ನಿಂತಿತು.

“ಒಂದ್ನಿಮಿಷ,” ಅಂದರು.

ಆಮೇಲೆ ಎದ್ದು ಒಂದು ಚುಕ್ಕಿಯ ಟ್ಯೂಬನ್ನು ಎಣಿಕೆಗೆ ಹಾಕಿದರು. “ಆ ಹೊಸ ಗಾಜಿನ ಚೂರು ಇದ್ಯಾ?” ಅಂದರು. ಬೆಂಚಿನ ಕೆಳಗಿನ ಡಬ್ಬಿಯೇ ತಂದುಕೊಟ್ಟೆ. ಇಬ್ಬರೂ ಕೂತು ಅದನ್ನು ಕುಟ್ಟಿ ಪುಡಿ ಮಾಡಿ, ಬಟ್ಟೆಯ ಚೀಲಕ್ಕೆ ತುಂಬಿ, ಆ ಟ್ಯೂಬಿನ ಸುತ್ತ ಸುತ್ತಿದೆವು. ಎಣಿಕೆ ಏರಿತು. ಚೀಲ ತೆಗೆದರೆ ಇಳಿಯಿತು. ಸುತ್ತಿದರೆ ಏರಿತು. ಆರು ಸಲ ಮಾಡಿದರು. ಏಳನೇ ಸಲಕ್ಕೆ ಚೀಲ ಕೆಳಗಿಟ್ಟು ಕುರ್ಚಿಗೆ ಒರಗಿದರು.

“ಪೊಟ್ಯಾಸಿಯಂ,” ಅಂದರು. “ಈ ಗಾಜಿಗೆ ಅದನ್ನ ಹಾಕಿದಾರೆ. ಅದರಲ್ಲಿ ಸ್ವಲ್ಪ ಭಾಗ ತಾನೇ ಕಿರಣ ಬಿಡುತ್ತೆ. ರೇಡಿಯಂ ಗುಂಡು ಹಿಡಿದು ಪರೀಕ್ಷೆ ಮಾಡ್ದೆ ನೋಡಿ, ಆ ಗಲಾಟೇಲಿ ಇದರ ಪಿಸುಮಾತು ಕೇಳಲೇ ಇಲ್ಲ.”

“ತಪ್ಪು ನಂದು ಮೇಡಂ. ಗಾಜು ಊದೋವ್ನು ಕೆಡಿಸಿದ ಅಂತ ಬರೀರಿ. ಓದು ಬರದವ್ನು ಅಂತಾನೂ ಬರೀರಿ.”

ಅವರು ನನ್ನನ್ನು ನೋಡಿದ ನೋಟ ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಸಿಟ್ಟಲ್ಲ.

“ಗೇಟಿನವ್ನ ಕೇಳ್ತೀನಿ, ನೆಲ ಒರೆಸೋಳನ್ನ ಕೇಳ್ತೀನಿ,” ಅಂದರು. “ಮೂರು ವರ್ಷ ದಿನಾ ಈ ಗಾಜು ಹಿಡ್ಕೊಂಡು ಓಡಾಡಿದೀನಿ. ಇದೇನು ಚುಕ್ಕಿ ಗಾಜಣ್ಣ ಅಂತ ಒಂದು ದಿನ ಕೇಳಲಿಲ್ಲ. ಕಣ್ಣಿಗೆ ಬಿದ್ದಿತ್ತು, ಗೊತ್ತಾ? ಅಲಂಕಾರಕ್ಕೆ ಇಟ್ಟಿದಾರೆ ಅಂದ್ಕೊಂಡೆ.”

ಸಾಹೇಬರ ಕೋಣೆಗೆ ಹೋದರು. ನಾನು ಹೊರಗೆ ಬೆಂಚಿನ ಮೇಲೆ. ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ, ಮಾತೆಲ್ಲ ಕೇಳುತ್ತಿತ್ತು.

“ಇದು ಯಾರ್ಯಾರಿಗೆ ಗೊತ್ತು?” ಸಾಹೇಬರು.

“ನನಗೆ, ಗಾಜಣ್ಣಂಗೆ. ಈಗ ನಿಮಗೆ.”

“ಹಾಗಾದ್ರೆ ಯಾರಿಗೂ ಗೊತ್ತಿಲ್ಲ ಅಂತಾನೇ ಅರ್ಥ. ನೋಡಮ್ಮ, ಸಭೆ ಮುಗೀಲಿ. ಆರು ತಿಂಗಳು ಬಿಟ್ಟು, ಮತ್ತೆ ಅಳೆದು ನೋಡಿದ್ವಿ, ಸ್ವಲ್ಪ ಕಡಿಮೆ ಬಂತು ಅಂತ ಎಲ್ಲೋ ಒಂದು ಮೂಲೇಲಿ ಬರೆದ್ರಾಯ್ತು. ಎಲ್ಲರೂ ಮಾಡೋದೇ ಅದು.”

“ಆರು ತಿಂಗಳು ಬೇರೆ ದೇಶದವರು ಇಲ್ಲದ ನಕ್ಷತ್ರ ಹುಡುಕ್ತಾ ಕೂತಿರ್ತಾರೆ ಸರ್.”

“ನಿನ್ನ ಕೋಣೆ, ನಿನ್ನ ಕೆಲಸ ಎರಡೂ ಇದರ ಮೇಲೆ ನಿಂತಿದೆ. ಗೊತ್ತು ತಾನೇ?”

“ಗೊತ್ತು ಸರ್. ಹೋಗಿ ಗಾಜಿನ ವಿಷಯ ಹೇಳಿ ಬರ್ತೀನಿ. ಚೀಟಿ ಹೇಗೂ ತಗೊಂಡಾಗಿದೆ.”

ಹೋದರು. ಐದು ನೂರು ಜನರ ಮುಂದೆ ನಿಂತು, ನಾನು ಆಕಾಶದ ವಿಷಯ ಹೇಳುವವಳಿದ್ದೆ, ಈಗ ಒಂದು ಗಾಜಿನ ಕೊಳವೆಯ ವಿಷಯ ಹೇಳುತ್ತೇನೆ ಅಂದರಂತೆ. ಮೊದಲು ನಕ್ಕರಂತೆ. ಆಮೇಲೆ ಹಿಂದಿನ ಸಾಲಿನಿಂದ ಇಬ್ಬರು ಮೂವರು ಎದ್ದು, ನಮ್ಮ ಎಣಿಕೆಯೂ ಏರಿತ್ತು, ನಮ್ಮ ಗಾಜನ್ನೂ ನೋಡಿಕೊಳ್ಳುತ್ತೇವೆ ಅಂದರಂತೆ. ಅದೆಲ್ಲ ಬಂದ ಮೇಲೆ ಅವರೇ ಹೇಳಿದ್ದು. ಅಚ್ಚಾದ ಬರಹವನ್ನೂ ತಂದು ಕೊನೆಯ ಸಾಲು ಓದಿ ಹೇಳಿದರು: ಈ ತಪ್ಪನ್ನು ಕಂಡುಹಿಡಿದವರು ನಮ್ಮ ಗಾಜಿನ ಕೆಲಸಗಾರರು, ತಮ್ಮ ಕೆಲಸಕ್ಕೆ ಗುರುತು ಹಾಕಿಕೊಳ್ಳುವ ಅವರ ರೂಢಿಗೆ ನಾನು ಋಣಿ. ‘ಕಂಡುಹಿಡಿದವರು’ ಅಂತ ಬರೆದಿದ್ದರು. ಮಾಡಿದವರು ಅಂತಲ್ಲ. ನಾನು ಬರ್ನರ್ ತಿರುಗಿಸುತ್ತಾ ಅತ್ತ ಮುಖ ಮಾಡಿಕೊಂಡೆ.

ಮಹಡಿಯ ಕೋಣೆ ಹೋಯಿತು. ಬಡಗಿ ಮಾಡಿದ ಹಲಗೆಯನ್ನು ಸ್ಟೋರಿನವನು ತನ್ನ ಕಪಾಟಿಗೆ ಅಡ್ಡವಾಗಿ ಹಾಕಿಕೊಂಡ. ಕೆಲಸ ಹಂಗಾಮಿಯಾಗೇ ಉಳಿಯಿತು. ಕೊಟ್ಟ ಜಾಗ ನೆಲಮಾಳಿಗೆ, ಹಿಂದೆ ಇದ್ದಿಲು ಸುರಿಯುತ್ತಿದ್ದ ಕೋಣೆ. ಕಿಟಕಿ ಇಲ್ಲ. ಅವರ ತಾಯಿ ಬಂದು ನೋಡಿ ಮೂಗಿಗೆ ಸೆರಗು ಹಿಡಿದರು.

“ಆಕಾಶ ಎಣಿಸ್ತಾ ಇದ್ದೆ. ಈಗ ಏನು ಎಣಿಸ್ತೀಯೇ ಇಲ್ಲಿ, ಜಿರಲೆನಾ?”

“ಒಂದ್ನಿಮಿಷ ಅಮ್ಮ,” ಅಂದರು ಮೇಡಂ. ಅವರು ಗೋಡೆಗೆ ಟ್ಯೂಬು ಹಿಡಿದು ಆಗಲೇ ಕೇಳಿಸಿಕೊಳ್ಳುತ್ತಿದ್ದರು.

ಅಲ್ಲಿಂದ ಶುರುವಾದದ್ದು ಕಣ್ಣಾರೆ ನೋಡದಿದ್ದರೆ ನಾನೂ ನಂಬುತ್ತಿರಲಿಲ್ಲ. ಗಾಜಿನಲ್ಲಿ ಇದೆ ಅಂದರೆ ಇನ್ನೆಲ್ಲಿದೆ, ಅದೊಂದೇ ಪ್ರಶ್ನೆ. ಇಟ್ಟಿಗೆ, ಹಾಲು, ಮಣ್ಣು, ನದಿಯ ಕೆಸರು, ಎಲ್ಲ ಎಣಿಸಿದರು. ಒಂದು ದಿನ ನಮ್ಮ ಮನೆಗೇ ಬಂದು, ಪಾತ್ರೆ ತಿಕ್ಕಲು ಇಟ್ಟಿದ್ದ ಸೌದೆ ಬೂದಿ ಕೇಳಿದರು. ಬೂದಿಯಲ್ಲಿ ಅದು ತುಂಬ ಇರುತ್ತದಂತೆ. ಹೆಂಡತಿ ಡಬ್ಬಿ ತುಂಬ ಕೊಟ್ಟಳು. ಮೂರನೇ ಸಲ ಬಂದಾಗ ಒಳಗಿನಿಂದಲೇ ಕೂಗಿದಳು: “ರೀ, ನಿಮ್ಮ ಬೂದಿ ಕಳ್ಳಿ ಬಂದಿದಾರೆ!” ಮೇಡಂ ಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕರು.

ಆಮೇಲೆ ಕಲ್ಲು. ಕಲ್ಲಿನೊಳಗಿನ ಪೊಟ್ಯಾಸಿಯಂ ಬಹಳ ನಿಧಾನವಾಗಿ ಒಂದು ಗ್ಯಾಸಾಗಿ ಬದಲಾಗುತ್ತಾ ಅಲ್ಲೇ ಸಿಕ್ಕಿಕೊಂಡಿರುತ್ತದೆ. ಕಲ್ಲು ಕರಗಿಸಿ ಆ ಗ್ಯಾಸು ಅಳೆದರೆ ಕಲ್ಲಿನ ವಯಸ್ಸು. ಅದಕ್ಕೆ ಗೋಡೆಯಿಂದ ಗೋಡೆಯ ತನಕ ಗಾಜಿನ ಕೊಳವೆಗಳ ಬಲೆ ಬೇಕಿತ್ತು, ಎಲ್ಲೂ ಸೂಜಿಮೊನೆಯಷ್ಟು ಸೋರಬಾರದು. ಎಂಟು ತಿಂಗಳು ಊದಿದೆ. ಮೊದಲ ಕಲ್ಲಿನ ಲೆಕ್ಕ ಬಂದ ದಿನ, “ಗಾಜಣ್ಣ, ಊರಾಚೆ ಆ ಬೋಳು ಗುಡ್ಡಕ್ಕೆ ತೊಂಬತ್ತು ಕೋಟಿ ವರ್ಷ,” ಅಂದರು. ಆ ಸಂಜೆ ಇಬ್ಬರೂ ನಡೆದುಕೊಂಡು ಹೋಗಿ ಗುಡ್ಡ ನೋಡಿ ಬಂದೆವು, ಹೊಸದಾಗಿ ಪರಿಚಯವಾದ ಹಿರಿಯರನ್ನು ನೋಡುವ ಹಾಗೆ. ಕಲ್ಲಿನವರು, ಗಣಿಯವರು, ಬಾವಿ ತೋಡುವವರು, ಎಲ್ಲೆಲ್ಲಿಂದಲೋ ಆ ಇದ್ದಿಲು ಕೋಣೆಗೆ ಬರತೊಡಗಿದರು. ಸಾಹೇಬರೂ ಒಂದು ದಿನ ಮೆಟ್ಟಿಲಿಳಿದು ಬಂದರು. ಕೆಲಸ ಕಾಯಂ ಮಾಡುವ ಕಾಗದ ತಂದಿದ್ದರು. ಮಹಡಿಗೆ ಬನ್ನಿ ಅಂದರು. “ಇಲ್ಲೇ ಇರ್ತೀನಿ ಸರ್,” ಅಂದರು ಮೇಡಂ. “ಆಕಾಶದ ಗಲಾಟೆ ಇಲ್ಲಿ ಕಡಿಮೆ. ಎಣಿಕೆಗೆ ಇದೇ ಒಳ್ಳೇ ಜಾಗ.”

ದೂರದ ದೇಶದವರು ಅಣುಬಾಂಬು ಸಿಡಿಸಿ ಪರೀಕ್ಷೆ ಮಾಡುತ್ತಿದ್ದ ಕಾಲದಲ್ಲಿ, ಮಳೆ ನೀರಿನಲ್ಲಿ, ಹಸುವಿನ ಹಾಲಿನಲ್ಲಿ ಆ ದೂಳು ಎಷ್ಟು ಬಂತು ಅಂತ ಏಳು ವರ್ಷ ಎಣಿಸಿದರು. ಸರಕಾರದವರು ಕರೆದು, ಜನ ಹೆದರುತ್ತಾರೆ, ಅಂಕೆ ಹೊರಗೆ ಬಿಡಬೇಡಿ ಅಂದಾಗ, “ಹೆದರಿಕೆ ಎಷ್ಟು ಅಂತ ಗೊತ್ತಾದ್ರೆ ಕಡಿಮೆ ಆಗುತ್ತೆ,” ಅಂದು ಅಚ್ಚು ಹಾಕಿಸಿಯೇ ಬಿಟ್ಟರು. ಎಲ್ಲ ಪಟ್ಟಿಯ ತಲೆಯಲ್ಲೂ ಒಂದು ಸಾಲು ಇರಲೇಬೇಕು: ಏನೂ ಇಡದೆ ಬರೀ ಕೋಣೆ ಎಷ್ಟು ಎಣಿಸಿತು. ಓದುವ ಮಕ್ಕಳು ಅದನ್ನು ಬಿಟ್ಟು ತಂದರೆ ಹಾಳೆಯನ್ನು ಮುಟ್ಟುತ್ತಿರಲಿಲ್ಲ.

ಕೊನೆಗೆ ಆಸ್ಪತ್ರೆ. ಮನುಷ್ಯನ ಮಾಂಸಖಂಡದಲ್ಲೂ ಅದೇ ಪೊಟ್ಯಾಸಿಯಂ. ಖಂಡ ಕರಗುವ ಕಾಯಿಲೆಯವರ ಮೈಯ ಎಣಿಕೆ ಇಳಿಯುತ್ತದೆ, ಸೂಜಿ ಚುಚ್ಚದೆ, ಕತ್ತರಿ ಹಾಕದೆ ಗೊತ್ತಾಗುತ್ತದೆ. ಅದಕ್ಕೆ ಒಂದು ಉಕ್ಕಿನ ಕೋಣೆ ಕಟ್ಟಿಸಿದರು. ಉಕ್ಕು ಕೂಡ ಅಣುಬಾಂಬು ಹುಟ್ಟುವ ಮುಂಚೆ ಕರಗಿಸಿದ್ದೇ ಆಗಬೇಕು, ಆಮೇಲಿನದರಲ್ಲಿ ದೂಳು ಸೇರಿರುತ್ತದೆ. ಒಡೆಯಲು ತಂದಿದ್ದ ಹಳೇ ಹಡಗಿನ ತಗಡು ಹುಡುಕಿ ತಂದರು. ಕೋಣೆ ಮುಗಿದ ದಿನ ಮೊದಲು ತಾವೇ ಒಳಗೆ ಹೋಗಿ ಮಲಗಿದರು. ಆಗ ಅವರಿಗೆ ನಲವತ್ತೈದು. ಬರೀ ಕೋಣೆಯ ಎಣಿಕೆ ಕಳೆದು ಬಂದದ್ದು ನಾನೂರ ಹನ್ನೆರಡು. ಆ ಅಂಕೆಯನ್ನು ಬಾಗಿಲ ಒಳಗೆ ಸೀಮೆಸುಣ್ಣದಲ್ಲಿ ಬರೆದರು. ನನ್ನ ಕೊಳವೆಗಳ ಕಾಲ ಅಷ್ಟರಲ್ಲಿ ಮುಗಿದಿತ್ತು, ಎಣಿಸುವುದಕ್ಕೆ ಕಿರಣ ತಾಗಿದರೆ ಮಿನುಗುವ ಹೊಸ ಹರಳು ಬಂದಿತ್ತು. ಆದರೂ ನನ್ನನ್ನು ಕರೆಸಿ ಆ ಯಂತ್ರ ನಡೆಸುವುದನ್ನು ಕಲಿಸಿದರು, ಮೇಣದಲ್ಲೇ.

ನಿವೃತ್ತಿ ಇಬ್ಬರಿಗೂ ಆಯಿತು. ಅವರ ಹತ್ತಿರ ಕಲಿತವರು ದೇಶ ದೇಶಗಳಲ್ಲಿ ದೊಡ್ಡವರಾದರು. ಎಲ್ಲರೂ ತಮ್ಮ ಸಲಕರಣೆಗೆ ಚುಕ್ಕಿ ಇಡುತ್ತಾರೆ ಅಂತ ಕೇಳಿದೆ.

ಅವರಿಗೆ ಎಪ್ಪತ್ತೇಳಾದಾಗ ಹೇಳಿಕಳಿಸಿದರು. ಹೋದೆ. ಆಸ್ಪತ್ರೆಯ ಉಕ್ಕಿನ ಕೋಣೆಯ ಮುಂದೆ ಗಾಲಿ ಕುರ್ಚಿಯಲ್ಲಿ ಕೂತಿದ್ದರು. ಖಂಡ ಕರಗಿ ಕೈ ಕಡ್ಡಿಯಾಗಿತ್ತು. ಪಕ್ಕದಲ್ಲಿ ಡಾಕ್ಟರು, ಮೇಡಂ ಕೈಕೆಳಗೆ ಕಲಿತ ಹೆಂಗಸು.

“ಗಾಜಣ್ಣ, ಇವಳು ನನ್ನನ್ನ ಎರಡು ಸಲ ಎಣಿಸಿದಾಳೆ,” ಅಂದರು. “ಎರಡು ಸಲಾನೂ ‘ಪರವಾಗಿಲ್ಲ ಮೇಡಂ’ ಅಂತಾಳೆ. ಪರವಾಗಿಲ್ಲ ಅನ್ನೋದು ಒಂದು ಅಂಕೆನಾ? ನೀವು ಎಣಿಸಿ. ನಿಮ್ಮ ಬಾಯಿಂದ ಕೇಳ್ಬೇಕು.”

ಡಾಕ್ಟರು ನನ್ನ ತೋಳು ಹಿಡಿದು ಸ್ವಲ್ಪ ಆಚೆ ಕರೆದರು. “ತಾತಾ, ಸ್ವಲ್ಪ ನೋಡ್ಕೊಂಡು ಹೇಳಿ. ಅವರಿಗೆ ಧೈರ್ಯ ಬೇಕು ಈಗ.”

ಮಾರನೇ ದಿನ ಮೇಡಂ ಅವರನ್ನು ಒಳಗೆ ಮಲಗಿಸಿ, ಬಾಗಿಲು ಮುಚ್ಚಿ ಯಂತ್ರದ ಮುಂದೆ ಕೂತೆ. ಎಂಬತ್ತೊಂದು ವರ್ಷದ ಕಣ್ಣು, ಅಂಕೆ ಮಸುಕಾಗಿ ಓಡುತ್ತಿತ್ತು. ನಿಂತಿತು. ಕಳೆದೆ. ಇನ್ನೊಂದು ಸಲ ಕಳೆದೆ. ಮಹಡಿಯ ಕೋಣೆಯಲ್ಲಿ ಎರಡು ತಟ್ಟೆ ಇಟ್ಟುಕೊಂಡು ಕೂತಿದ್ದ ಬೆಳಿಗ್ಗೆ ನೆನಪಾಯಿತು. ಆ ಸಲ ಮೂರು ದಿನ ಬೇಕಾಗಿತ್ತು ನನಗೆ.

ಬಾಗಿಲು ತೆಗೆದೆ. ಅವರು ಮಲಗಿದಲ್ಲಿಂದಲೇ ಕತ್ತು ತಿರುಗಿಸಿದರು.

“ಎಷ್ಟು?”

“ಇನ್ನೂರ ಐವತ್ತೊಂದು ಮೇಡಂ.”

ಡಾಕ್ಟರು ಮುಖ ಅತ್ತ ತಿರುಗಿಸಿಕೊಂಡರು. ಮೇಡಂ ನನ್ನನ್ನೇ ನೋಡಿದರು.

“ಒಂದ್ನಿಮಿಷ. ಬರೀ ಕೋಣೆ ಮೊದಲು ಎಣಿಸಿದ್ರಾ?”

“ಎಣಿಸ್ದೆ. ಬೆಳಿಗ್ಗೆ ಒಂದು ಸಲ, ನೀವು ಬರೋ ಮುಂಚೆ ಒಂದು ಸಲ.”

“ಹಾಗಾದ್ರೆ ಸರಿ ಇದೆ.” ಅವರ ಮೈ ಸಡಿಲವಾಯಿತು, ಬಹಳ ಹೊತ್ತಿನಿಂದ ಹೊತ್ತುಕೊಂಡಿದ್ದನ್ನು ಇಳಿಸಿದವರ ಹಾಗೆ. ಡಾಕ್ಟರನ್ನು ಕರೆದರು. “ಬರ್ಕೋ. ಇನ್ನೂರ ಐವತ್ತೊಂದು. ನಾನೂರ ಹನ್ನೆರಡರಿಂದ ಇಲ್ಲಿಗೆ ಹೇಗೆ ಇಳೀತು ಅಂತ ಗೆರೆ ಎಳೆದ್ರೆ, ಇನ್ನು ಎಷ್ಟು ದಿನ ಪುಸ್ತಕ ಎತ್ತಕ್ಕೆ ಆಗುತ್ತೆ ಅಂತ ಗೊತ್ತಾಗುತ್ತೆ. ಬಾವಿ ನೀರಿನ ಮೇಲೆ ಬರೀತಿರೋ ಬರಹ ಇನ್ನೂ ಅರ್ಧ ಇದೆ ಕಣೇ. ನಾಳೆಯಿಂದ ನಾನು ಹೇಳ್ತೀನಿ, ನೀನು ಬರಿ.” ಆಮೇಲೆ ಅವಳ ಕೈ ಹಿಡಿದುಕೊಂಡು ಮೆಲ್ಲಗೆ, “ಧೈರ್ಯ ನನ್ನ ಹತ್ರ ಇದೆ. ಅಂಕೆ ಇರಲಿಲ್ಲ, ಅಷ್ಟೆ,” ಅಂದರು.

ಇಬ್ಬರೂ ಹಿಡಿದು ಅವರನ್ನು ಕುರ್ಚಿಗೆ ಕೂರಿಸಿದೆವು. ನಾನು ಯಂತ್ರ ಆರಿಸಲು ಹೋದೆ.

“ಎಲ್ಲಿಗೆ? ಚಪ್ಪಲಿ ಬಿಚ್ಚಿ, ನೀವೂ ಹೋಗಿ ಮಲಗಿ.”

“ನನಗೆ ಯಾಕೆ ಮೇಡಂ?”

“ನಲವತ್ತಾರು ವರ್ಷ ಎಲ್ಲಾನೂ ಎಣಿಸಿದೀನಿ, ನಿಮ್ಮನ್ನ ಎಣಿಸೇ ಇಲ್ಲ. ನಡೀರಿ.”

ಒಳಗೆ ಹಳೇ ಹಡಗಿನ ಉಕ್ಕು ತಣ್ಣಗಿತ್ತು. ಬಾಗಿಲ ಮೇಲೆ ಸೀಮೆಸುಣ್ಣದ ಅಂಕೆ ಅರ್ಧ ಅಳಿಸಿ ಹಾಗೇ ಇತ್ತು. ಕಾಲು ಗಂಟೆ ಸುಮ್ಮನೆ ಮಲಗಿದ್ದೆ. ಬಾಗಿಲು ತೆರೆದಾಗ ಮೇಡಂ ಅಂಕೆಯ ಚೀಟಿಯನ್ನು ಕಣ್ಣಿಗೆ ಹತ್ತಿರ ಹಿಡಿದುಕೊಂಡು ನಗುತ್ತಿದ್ದರು.

“ಮುನ್ನೂರ ಮೂವತ್ತು! ನನಗಿಂತ ನಾಲ್ಕು ವರ್ಷ ದೊಡ್ಡವರು, ನೋಡು ಇವರ ಸದ್ದು,” ಅಂದರು ಡಾಕ್ಟರಿಗೆ. “ಇವರಿಗೆ ಎರಡು ಚುಕ್ಕಿ ಇಡಮ್ಮ.”